ಎರಡು ಸೆಕೆಂಡಿನ ಕೈಕೆಲಸ: ‘ಇಲ್‌ಮ್ಯಾಟಿಕ್’ ಜಾಡು ಹಿಡಿದು ಸ್ಯಾಂಪ್ಲಿಂಗ್ ಕಲಿಯಲು ಸಮಗ್ರ ಮಾರ್ಗದರ್ಶಿ

1994ರ ಏಪ್ರಿಲ್ 19ರಂದು ಕೊಲಂಬಿಯಾ ರೆಕಾರ್ಡ್ಸ್ ಹೊರತಂದ, ಹಿಪ್-ಹಾಪ್ ರ‍್ಯಾಪರ್ ನಾಸ್ ಅವರ ಆಲ್ಬಮ್ ‘ಇಲ್‌ಮ್ಯಾಟಿಕ್’ನಲ್ಲಿ ಇರುವುದು ಹತ್ತೇ ಟ್ರ್ಯಾಕು. ಮೊದಲಿನಿಂದ ಕೊನೆವರೆಗೆ ಕೇಳಿದರೂ ನಲವತ್ತು ನಿಮಿಷ ತುಂಬುವುದಿಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದಲ್ಲಿ ಬೆಳೆದ ನಾಸ್ ಅವರಿಗೆ ಆಗ 20 ವರ್ಷ. ಬೀಟ್, ಅಂದರೆ ರ‍್ಯಾಪಿನ ಹಿಂದೆ ನಡೆಯುವ ಸಂಗೀತ, ಕಟ್ಟಿಕೊಟ್ಟವರು ಮುಖ್ಯವಾಗಿ ಐವರು: ಡಿಜೆ ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯೂ-ಟಿಪ್, ಎಲ್.ಇ.ಎಸ್. ಬೇರೆಯವರು ಎಂದೋ ನುಡಿಸಿಟ್ಟ ರೆಕಾರ್ಡುಗಳಿಂದ ಒಂದೆರಡು ಸೆಕೆಂಡ್ ಎತ್ತಿಕೊಂಡು, ಕತ್ತರಿಸಿ, ಶ್ರುತಿ ಬದಲಿಸಿ, ಮೇಲೆ ಡ್ರಮ್ ಕೂರಿಸಿ ಅವರು ಮಾಡಿದ ಈ ಸ್ಯಾಂಪ್ಲಿಂಗ್ ಕೆಲಸವನ್ನು ಇವತ್ತಿಗೂ ಬೀಟ್ ಕಟ್ಟುವವರು ಬಿಡಿಸಿ ಬಿಡಿಸಿ ಕೇಳುತ್ತಾರೆ. ಆ ಕೆಲಸ ಹೇಗೆ ನಡೆಯುತ್ತದೆ, ನಿಮ್ಮ ಮನೆಯ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಅದನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಒಂದೊಂದೇ ಹಂತವಾಗಿ ಹೇಳಿದ್ದೇವೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಸ್ಯಾಂಪ್ಲಿಂಗ್‌ನಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಎರಡು ಬಿಂದು: ತುಣುಕು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ. ಯಾವ ಯಂತ್ರ, ಯಾವ ಪ್ಲಗಿನ್ ಎಂಬ ಚರ್ಚೆಯೆಲ್ಲ ಆಮೇಲಿನದು.

ಮೂಲ ಮತ್ತು ಬೀಟ್, ಪಕ್ಕಪಕ್ಕದಲ್ಲಿ

ಯಂತ್ರ ಮುಟ್ಟುವ ಮುಂಚೆ ಒಂದು ವಾರ ಬರೀ ಕೇಳಿ. ಮೂಲ ಹಾಡನ್ನೂ ಅದರಿಂದ ಹುಟ್ಟಿದ ಬೀಟನ್ನೂ ಒಂದರ ಹಿಂದೆ ಒಂದು ಹಾಕಿಕೊಳ್ಳಿ.

ಪೀಟ್ ರಾಕ್ ಕಟ್ಟಿದ ‘ದಿ ವರ್ಲ್ಡ್ ಈಸ್ ಯುವರ್ಸ್’ನಿಂದಲೇ ಶುರು ಮಾಡಬಹುದು. ಅದರ ಪಿಯಾನೊ ಬಂದಿರುವುದು ಅಹ್ಮದ್ ಜಮಾಲ್ ಟ್ರಿಯೊದ 1970ರ ‘ದಿ ಅವೇಕನಿಂಗ್’ ಆಲ್ಬಮ್ಮಿನ ‘ಐ ಲವ್ ಮ್ಯೂಸಿಕ್’ನಿಂದ. ಮೂಲ ಏಳು ನಿಮಿಷ ದಾಟುತ್ತದೆ, ತುಣುಕು ಸಿಗುವುದು ಅರ್ಧ ಕಳೆದ ಮೇಲೆ. ಮೊದಲ ಒಂದು ನಿಮಿಷ ಕೇಳಿ ಸೂಜಿ ಎತ್ತುವವರ ಕೈಗೆ ಅದು ಸಿಗುವುದೇ ಇಲ್ಲ. ಹಾಡಿನ ಮುಖ್ಯ ಮಟ್ಟಿನಲ್ಲಿ ಇಲ್ಲದ್ದು, ಕಲಾವಿದ ತನ್ನಷ್ಟಕ್ಕೆ ಅಲೆಯುವಾಗ ಬಂದು ಹೋಗುವ ಒಂದು ತಿರುವು ಅದು. ಸ್ಯಾಂಪಲ್ ಹುಡುಕುವವರು ಮನಸ್ಸಿಟ್ಟು ಕೇಳಬೇಕಾದದ್ದು ಇಂಥ ಜಾಗಗಳನ್ನೇ: ಹಾಡುಗಾರ ಸುಮ್ಮನಾದ ಕಡೆ, ಡ್ರಮ್ ನಿಂತ ಕಡೆ, ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ಕಡೆ, ಹಾಡಿನ ಬಾಲ.

‘ಎನ್.ವೈ. ಸ್ಟೇಟ್ ಆಫ್ ಮೈಂಡ್’ನಲ್ಲಿ ಪ್ರೀಮಿಯರ್ ಅವರ ದಾರಿ ಬೇರೆ. ಜೋ ಚೇಂಬರ್ಸ್ ಅವರ ‘ಮೈಂಡ್ ರೇನ್’ನಿಂದ ಕತ್ತಲೆ ತುಂಬಿದ ಪಿಯಾನೊ ತುಣುಕು, ಡೊನಾಲ್ಡ್ ಬರ್ಡ್ ಅವರ ‘ಫ್ಲೈಟ್ ಟೈಮ್’ನಿಂದ ಗಿಟಾರಿನ ಒಂದು ಚುಚ್ಚುವ ಸ್ವರ. ಎರಡು ಬೇರೆ ಬೇರೆ ರೆಕಾರ್ಡುಗಳು ಒಂದೇ ಕೋಣೆಯಲ್ಲಿ ನುಡಿಸಿದಂತೆ ಕೇಳುತ್ತವೆ. ಒಂದು ತಗ್ಗಿನಲ್ಲಿದೆ, ಇನ್ನೊಂದು ಎತ್ತರದಲ್ಲಿದೆ, ಒಂದರ ಜಾಗವನ್ನು ಇನ್ನೊಂದು ತುಳಿಯುವುದಿಲ್ಲ. ‘ರೆಪ್ರೆಸೆಂಟ್’ಗೆ ಅವರು ಎತ್ತಿದ್ದು ಮೂಕಿ ಚಿತ್ರಕ್ಕೆ ಲೀ ಎರ್ವಿನ್ ನುಡಿಸಿದ ಆರ್ಗನ್.

ಕ್ಯೂ-ಟಿಪ್ ‘ಒನ್ ಲವ್’ಗೆ ಹೀತ್ ಬ್ರದರ್ಸ್‌ನ ‘ಸ್ಮೈಲಿನ್ ಬಿಲ್ಲಿ ಸೂಟ್’ ಎರಡನೇ ಭಾಗ ಆರಿಸಿಕೊಂಡರು. ಹೆಬ್ಬೆರಳಿನಿಂದ ಮೀಟುವ ಆಫ್ರಿಕಾದ ಎಂಬಿರಾ ವಾದ್ಯದ ನಾದ ಅದರಲ್ಲಿದೆ. ಲಾರ್ಜ್ ಪ್ರೊಫೆಸರ್ ‘ಇಟ್ ಏಂಟ್ ಹಾರ್ಡ್ ಟು ಟೆಲ್’ಗೆ ಎಲ್ಲರಿಗೂ ಗೊತ್ತಿದ್ದ ಮೈಕಲ್ ಜಾಕ್ಸನ್ ಅವರ ‘ಹ್ಯೂಮನ್ ನೇಚರ್’ ತೆಗೆದುಕೊಂಡು, ಅದರ ಜೊತೆಗೆ ಕೂಲ್ ಆ್ಯಂಡ್ ದಿ ಗ್ಯಾಂಗ್‌ನ ‘ಎನ್.ಟಿ.’ಯನ್ನು ಸೇರಿಸಿದರು. ಎಲ್.ಇ.ಎಸ್. ಕಟ್ಟಿದ ಮೂರನೇ ಟ್ರ್ಯಾಕು ಗ್ಯಾಪ್ ಬ್ಯಾಂಡಿನ ‘ಯರ್ನಿಂಗ್ ಫಾರ್ ಯುವರ್ ಲವ್’ ಮೇಲೆ ನಿಂತಿದೆ. ಅದರ ಕೊನೆಯಲ್ಲಿ ನಾಸ್ ಅವರ ತಂದೆ ಓಲು ದಾರಾ ತುತ್ತೂರಿಯಂಥ ಕಾರ್ನೆಟ್ ನುಡಿಸುತ್ತಾರೆ. ಸ್ಯಾಂಪಲ್ಲಿನ ಮೇಲೆ ಜೀವಂತ ವಾದ್ಯ ಹೇಗೆ ಕೂರಬೇಕು ಎನ್ನುವುದಕ್ಕೆ ಆ ಒಂದು ನಿಮಿಷಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಪ್ರತಿ ಜೋಡಿಗೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಮೂಲದಲ್ಲಿ ತುಣುಕು ಎಷ್ಟನೇ ನಿಮಿಷದಲ್ಲಿದೆ, ಎಷ್ಟು ಬೀಟ್ (ಇಲ್ಲಿ ತಾಳದ ಎಣಿಕೆ) ಉದ್ದ, ಶ್ರುತಿ ಏರಿದೆಯೋ ಇಳಿದಿದೆಯೋ, ಕೆಳಗಿನ ನಾದ ಉಳಿದಿದೆಯೋ ಸೋಸಿ ಹೋಗಿದೆಯೋ. ಹತ್ತು ಜೋಡಿ ಮುಗಿಯುವಷ್ಟರಲ್ಲಿ ಕಿವಿ ಬೇರೆ ಥರ ಕೆಲಸ ಮಾಡಲು ಶುರು ಮಾಡುತ್ತದೆ.

ಯಂತ್ರದ ಇಕ್ಕಟ್ಟಿನಿಂದ ಹುಟ್ಟಿದ ನಾದ

ಆ ಕಾಲದ ನ್ಯೂಯಾರ್ಕ್ ಸ್ಟುಡಿಯೊಗಳಲ್ಲಿ ಮೂರು ಸ್ಯಾಂಪ್ಲರುಗಳ, ಅಂದರೆ ತುಣುಕನ್ನು ಹಿಡಿದಿಟ್ಟು ನುಡಿಸುವ ಯಂತ್ರಗಳ, ಹೆಸರು ಮತ್ತೆ ಮತ್ತೆ ಬರುತ್ತದೆ. ಇ-ಮ್ಯು ಕಂಪನಿ 1987ರಲ್ಲಿ ತಂದ ಎಸ್‌ಪಿ-1200, ರೋಜರ್ ಲಿನ್ ವಿನ್ಯಾಸದಲ್ಲಿ ಅಕಾಯ್ 1988ರಲ್ಲಿ ತಂದ ಎಂಪಿಸಿ60, ಮತ್ತು ಅಕಾಯ್‌ನದೇ ಎಸ್950. ಪೀಟ್ ರಾಕ್, ಲಾರ್ಜ್ ಪ್ರೊಫೆಸರ್ ಅವರ ಕೈ ಎಸ್‌ಪಿ-1200ರಲ್ಲಿ ಪಳಗಿತ್ತು. ಪ್ರೀಮಿಯರ್ ಎಂಪಿಸಿ60ಯನ್ನೂ ಎಸ್950ಯನ್ನೂ ಜೋಡಿಸಿ ಬಳಸುತ್ತಿದ್ದರು.

ಎಸ್‌ಪಿ-1200ರ ಲೆಕ್ಕ ತಿಳಿದರೆ ಆ ಕಾಲದ ಅರ್ಧ ಗುಟ್ಟು ತಿಳಿದಂತೆ. ಅದು 12 ಬಿಟ್, 26.04 ಕಿಲೋಹರ್ಟ್ಜ್ ಯಂತ್ರ: ದನಿಯನ್ನು ಸೆಕೆಂಡಿಗೆ 26,040 ಸಲ ಅಳೆದು (ಇದೇ ಸ್ಯಾಂಪಲ್ ರೇಟು), ಪ್ರತಿ ಅಳತೆಯನ್ನು 12 ಬಿಟ್‌ನಲ್ಲಿ ಬರೆದಿಡುತ್ತದೆ. ಒಟ್ಟು ನೆನಪಿನ ಸಾಮರ್ಥ್ಯ ಸುಮಾರು 10 ಸೆಕೆಂಡ್. ಒಂದು ಸ್ಯಾಂಪಲ್ ಗರಿಷ್ಠ 2.5 ಸೆಕೆಂಡ್. ನಾಲ್ಕು ಬೀಟಿನ ಒಂದು ಬಾರ್ ಎಷ್ಟು ಹೊತ್ತು ನಡೆಯುತ್ತದೆ ಎಂದು ತಿಳಿಯಲು 240ನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಅಂಕಿಯಿಂದ) ಭಾಗಿಸಿ. 96 ಬಿಪಿಎಂನಲ್ಲಿ ಒಂದು ಬಾರ್ ಸರಿಯಾಗಿ 2.5 ಸೆಕೆಂಡ್. ಅದಕ್ಕಿಂತ ನಿಧಾನವಾದ ಹಾಡಿನ ಪೂರ್ತಿ ಬಾರ್ ಒಂದು ಸ್ಯಾಂಪಲ್ಲಿನಲ್ಲಿ ಹಿಡಿಸುವುದೇ ಇಲ್ಲ.

ಅದಕ್ಕೆ ಅವರು ಕಂಡುಕೊಂಡ ಉಪಾಯ ಇದು: ನಿಮಿಷಕ್ಕೆ 33⅓ ಸುತ್ತಿನ ವೇಗದ ಎಲ್‌ಪಿಯನ್ನು 45ರಲ್ಲಿ ಓಡಿಸಿ ಸ್ಯಾಂಪಲ್ ಮಾಡಿ, ಯಂತ್ರದೊಳಗೆ ಶ್ರುತಿಯನ್ನು ಅಷ್ಟೇ ಕೆಳಗಿಳಿಸುವುದು. 45ನ್ನು 33⅓ರಿಂದ ಭಾಗಿಸಿದರೆ 1.35. ಅಂದರೆ 2.5 ಸೆಕೆಂಡಿನ ಜಾಗದಲ್ಲಿ 3.375 ಸೆಕೆಂಡಿನ ಸಂಗೀತ ಕೂರುತ್ತದೆ. ವೇಗ 1.35 ಪಟ್ಟಾದಾಗ ಶ್ರುತಿ 5.2 ಸೆಮಿಟೋನ್ ಏರುತ್ತದೆ, ಅಂದರೆ ನಮ್ಮ ಲೆಕ್ಕದಲ್ಲಿ ಐದು ಸ್ವರಸ್ಥಾನ ಮತ್ತು ಚೂರು. ವಾಪಸ್ ಇಳಿಸುವಾಗ ಸ್ಯಾಂಪಲ್ ರೇಟು ಕೂಡ ಕುಗ್ಗಿದಂತಾಗಿ ಮೂಲದ ನಾದದಲ್ಲಿ ಸುಮಾರು 9.6 ಕಿಲೋಹರ್ಟ್ಜ್‌ವರೆಗಿನದಷ್ಟೇ ಉಳಿಯುತ್ತದೆ. ಅದರ ಮೇಲೆ ಯಂತ್ರ ತಾನೇ ಸೃಷ್ಟಿಸಿದ ಒರಟು ಗಂಟೆಯಂಥ ಪ್ರತಿಬಿಂಬ ಕೇಳುತ್ತದೆ. ‘ಹಳೆಯ ಹಿಪ್-ಹಾಪ್ ಧ್ವನಿ’ ಎಂದು ಜನ ಗುರುತಿಸುವ ಮರಳಿನಂಥ ಗುಣದ ದೊಡ್ಡ ಪಾಲು ಇದೇ.

ಕಂಪ್ಯೂಟರಿನಲ್ಲಿ ಇದನ್ನು ತರಬೇಕಾದರೆ ಕ್ರಮ ತಪ್ಪಬಾರದು:

1. ಫೈಲಿನ ವೇಗವನ್ನು 1.35 ಪಟ್ಟು ಏರಿಸಿ, ಶ್ರುತಿಯೂ ಜೊತೆಗೆ ಏರಲಿ.
2. ಆಮೇಲೆ 26.04 ಕಿಲೋಹರ್ಟ್ಜ್, 12 ಬಿಟ್‌ಗೆ ಇಳಿಸಿ.
3. ಸ್ಯಾಂಪ್ಲರಿಗೆ ಹಾಕಿ ಐದು ಸೆಮಿಟೋನ್ ಮತ್ತು 20 ಸೆಂಟ್ (ನೂರು ಸೆಂಟಿಗೆ ಒಂದು ಸೆಮಿಟೋನ್) ಕೆಳಗಿಳಿಸಿ. ಶ್ರುತಿಯನ್ನೂ ವೇಗವನ್ನೂ ಬೇರೆ ಮಾಡುವ ಟೈಮ್ ಸ್ಟ್ರೆಚ್ ಆಫ್ ಇರಲಿ. ಇಂಟರ್‌ಪೊಲೇಶನ್ (ಅಳತೆಯ ಬಿಂದುಗಳ ನಡುವನ್ನು ನುಣುಪು ಮಾಡುವ) ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ.

ತುಂಬ ಜನ ಮೊದಲು ಶ್ರುತಿ ಇಳಿಸಿ ಕೊನೆಯಲ್ಲಿ ಬಿಟ್ ಇಳಿಸುವ ಬಿಟ್‌ಕ್ರಷರ್ ಹಾಕುತ್ತಾರೆ. ಆಗ ಬರುವುದು ಬರೀ ಕರ್ಕಶ. ಬಿಟ್ ಇಳಿಸಿದ ಮೇಲೆ ಶ್ರುತಿ ಇಳಿಸಿದಾಗ ಮಾತ್ರ ಆ ಪ್ರತಿಬಿಂಬ ಸಂಗೀತದ ಜೊತೆಗೇ ಕೆಳಗಿಳಿದು ಕಿವಿಗೆ ಹಿತವಾಗುತ್ತದೆ.

ಬೇಕಾಗುವ ಸಾಮಾನು

ದೊಡ್ಡ ಪಟ್ಟಿಯೇನೂ ಇಲ್ಲ. ಕಂಪ್ಯೂಟರ್ ಇದ್ದರೆ ಸಂಗೀತ ಜೋಡಿಸಲು ರೀಪರ್ ಅಥವಾ ಅಕಾಯ್‌ನ ಎಂಪಿಸಿ ಬೀಟ್ಸ್, ಕತ್ತರಿಸಲು ಆಡಾಸಿಟಿ. ಫೋನ್ ಮಾತ್ರ ಇದ್ದರೆ ಕೋಆಲಾ ಸ್ಯಾಂಪ್ಲರ್ ಸಾಕು. ಬೆರಳಿನಿಂದ ಒತ್ತುವ 16 ಪ್ಯಾಡಿನ ಕಂಟ್ರೋಲರ್ ಒಂದಿದ್ದರೆ ಕೈಗೆ ಲಯ ಬರುತ್ತದೆ. ಮೌಸ್ ಒತ್ತಿ ಬೀಟ್ ಕಟ್ಟಬಹುದು, ಆದರೆ ಕೈಲಯ ಬರುವುದಿಲ್ಲ. ಮುಚ್ಚಿದ ಹೆಡ್‌ಫೋನ್ ಮತ್ತು ಒಂದು ಸಾಧಾರಣ ಸ್ಪೀಕರ್, ಎರಡೂ ಬೇಕು. ರೆಕಾರ್ಡಿನಿಂದಲೇ ಕೆಲಸ ಮಾಡುವುದಾದರೆ ಟರ್ನ್‌ಟೇಬಲ್, ಫೋನೊ ಪ್ರಿಆಂಪ್, ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಆಡಿಯೊ ಇಂಟರ್‌ಫೇಸ್.

ರೆಕಾರ್ಡಿನಿಂದ ಒಳಗೆ

ಟರ್ನ್‌ಟೇಬಲಿನ ವೈರನ್ನು ನೇರ ಲೈನ್ ಇನ್‌ಪುಟ್ಟಿಗೆ ಚುಚ್ಚಿದರೆ ದನಿ ಸಣ್ಣಗೆ, ಕೆಳಸ್ವರವೇ ಇಲ್ಲದೆ ತಗಡು ಬಡಿದಂತೆ ಬರುತ್ತದೆ. ರೆಕಾರ್ಡ್ ಕೊರೆಯುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ; ಅದನ್ನು ಮತ್ತೆ ಸರಿಮಾಡುವುದು ಫೋನೊ ಪ್ರಿಆಂಪಿನ ಕೆಲಸ. ‘ಹುಂ’ ಎಂಬ 50 ಹರ್ಟ್ಜ್ ಗುಂಯ್‌ಗಾಟ ಬಂದರೆ ಗ್ರೌಂಡ್ ವೈರ್ ಕಟ್ಟಿದ್ದೀರಾ ನೋಡಿ, ಅಡಾಪ್ಟರನ್ನು ಆಡಿಯೊ ವೈರಿನಿಂದ ದೂರ ಸರಿಸಿ.

24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಅತಿ ಜೋರಿನ ಜಾಗ ಮೈನಸ್ 6 ಡಿಬಿ (ಡೆಸಿಬೆಲ್) ಮುಟ್ಟಿದರೆ ಸಾಕು. ರೆಕಾರ್ಡನ್ನು ಒರೆಸಿ, ಆದರೆ ಸಾಫ್ಟ್‌ವೇರಿನಿಂದ ಚಟಪಟ ತೆಗೆಯಲು ಹೋಗಬೇಡಿ. ಆ ಉಪಕರಣ ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಮತ್ತು ಸ್ನೇರಿನ (ಚಟೀರ್ ಎನ್ನುವ ಡ್ರಮ್) ಮೊನೆಯನ್ನೂ ‘ಚಟಪಟ’ ಎಂದೇ ತಿಳಿದು ಸವೆಸಿಬಿಡುತ್ತದೆ. 30 ಹರ್ಟ್ಜ್ ಕೆಳಗಿನ ಗುಡುಗನ್ನು ಮಾತ್ರ ಹೈಪಾಸ್ (ಮೇಲಿನ ನಾದವನ್ನಷ್ಟೇ ಬಿಡುವ ಫಿಲ್ಟರ್) ಹಾಕಿ ಕತ್ತರಿಸಿ.

1960, 70ರ ದಶಕದ ಸ್ಟೀರಿಯೊ ಜಾಝ್ ರೆಕಾರ್ಡುಗಳಲ್ಲಿ ಎಷ್ಟೋ ಸಲ ಪಿಯಾನೊ ಪೂರ್ತಿ ಒಂದು ಕಡೆ, ಡ್ರಮ್ ಪೂರ್ತಿ ಇನ್ನೊಂದು ಕಡೆ ಇರುತ್ತದೆ. ಎಡ ಚಾನೆಲ್ ಒಂದನ್ನೇ, ಬಲ ಒಂದನ್ನೇ ಬೇರೆ ಬೇರೆ ಕೇಳಿ ನೋಡಿ. ಇಡೀ ಬ್ಯಾಂಡಿನ ನಡುವಿನಿಂದ ಒಂಟಿ ವಾದ್ಯ ಕೈಗೆ ಬಂದುಬಿಡಬಹುದು. ಲಾರ್ಜ್ ಪ್ರೊಫೆಸರ್ ಅವರಿಗೆ ಎಸ್‌ಪಿ-1200 ಕಲಿಸಿದ ಪಾಲ್ ಸಿ ಈ ಥರದ ಬೇರ್ಪಡಿಸುವ ಕೆಲಸಕ್ಕೇ ಹೆಸರಾಗಿದ್ದರು. 1989ರಲ್ಲಿ ಎಳೆಯ ವಯಸ್ಸಿನಲ್ಲೇ ಅವರ ಕೊಲೆಯಾಯಿತು. ‘ಇಲ್‌ಮ್ಯಾಟಿಕ್’ನ ಬೀಟುಗಳಲ್ಲಿ ಅವರ ಪಾಠ ಉಳಿದಿದೆ ಎಂದೇ ನಮ್ಮ ನಂಬಿಕೆ. ಒಂದು ಚಾನೆಲನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಸೇರಿಸಿದರೆ ನಡುವಿನಲ್ಲಿರುವ ಗಾಯನ ಬಹುಪಾಲು ಮಾಯವಾಗುತ್ತದೆ. ಜೊತೆಗೆ ಬೇಸ್ ಕೂಡ ಹೋಗುತ್ತದೆ, ಅದನ್ನು ಬೇರೆ ಕಡೆಯಿಂದ ತರಬೇಕು.

ಕತ್ತರಿಸುವುದು

ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೆನಿಸುವ ಹಂತ ಇದು. ನಿಧಾನವಾಗಿ ಮಾಡಿ.

ಮೊದಲು ಲೂಪ್, ಅಂದರೆ ಮತ್ತೆ ಮತ್ತೆ ಸುತ್ತಿ ನುಡಿಸಬಹುದಾದ ತುಣುಕು, ಹುಡುಕಿ. ಎರಡು ಬಾರಿನ ತುಣುಕು ಅಳತೆಗೆ 5.45 ಸೆಕೆಂಡ್ ಬಂತೆಂದುಕೊಳ್ಳಿ. ಬಾರ್‌ಗಳ ಸಂಖ್ಯೆಯನ್ನು 240ರಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿದರೆ ವೇಗ: 480 ಭಾಗಿಸು 5.45, ಅಂದರೆ ಸುಮಾರು 88 ಬಿಪಿಎಂ. ನಿಮಗೆ ಬೇಕಿರುವುದು 84 ಆದರೆ ಶ್ರುತಿಯನ್ನು 0.8 ಸೆಮಿಟೋನ್ ಇಳಿಸಿ, ವೇಗ ತಾನಾಗಿ ಹೊಂದಿಕೊಳ್ಳುತ್ತದೆ. ವೇಗ ಒಂದೆಡೆ, ಶ್ರುತಿ ಇನ್ನೊಂದೆಡೆ ಎಂದು ಬೇರೆ ಮಾಡಲು ಹೋಗಬೇಡಿ. ಪಿಯಾನೊ ನಿಧಾನವಾದಾಗ ಅದರ ಮರದ ಮೈಯೂ ದೊಡ್ಡದಾದಂತೆ ಕೇಳುವುದು ಈ ಸಂಗೀತದ ಜೀವಾಳ.

ಈಗ ಅಲೆಯ ಚಿತ್ರವನ್ನು ಪೂರ್ತಿ ಹಿಗ್ಗಿಸಿ. ಕಿಕ್ ಅಥವಾ ಪಿಯಾನೊ ಸುತ್ತಿಗೆ ತಾಗುವ ಜಾಗದಲ್ಲಿ ಸಮತಟ್ಟಾದ ಗೆರೆ ಇದ್ದಕ್ಕಿದ್ದಂತೆ ಕಡಿದಾಗಿ ಏಳುತ್ತದೆ. ಆ ಏರು ಶುರುವಾಗುವ ಮುಂಚೆ ಗೆರೆ ಶೂನ್ಯವನ್ನು ದಾಟುವ ಕಡೆಯ ಬಿಂದುವೇ ನಿಮ್ಮ ಶುರು. 44.1 ಕಿಲೋಹರ್ಟ್ಜ್‌ನಲ್ಲಿ ಒಂದು ಮಿಲಿಸೆಕೆಂಡ್ ಅಂದರೆ 44 ಸ್ಯಾಂಪಲ್ (ಇಲ್ಲಿ ತುಣುಕಲ್ಲ, ಅಲೆಯ ಅಳತೆಯ ಬಿಂದು). ಇಲ್ಲಿ ಆಡುತ್ತಿರುವುದು ಅಷ್ಟು ಸಣ್ಣ ಅಳತೆಯಲ್ಲಿ. ಮುಂದೆ 15 ಮಿಲಿಸೆಕೆಂಡ್ ಗಾಳಿ ಬಿಟ್ಟರೆ ಪ್ಯಾಡ್ ಒತ್ತಿದಾಗಲೆಲ್ಲ ತುಣುಕು ಹಿಂದೆ ಬೀಳುತ್ತದೆ, ನೀವು ಕೈಯನ್ನು ದೂರುತ್ತ ಕೂರುತ್ತೀರಿ. ಶೂನ್ಯ ಬಿಟ್ಟು ಬೇರೆಡೆ ಕತ್ತರಿಸಿದರೆ ‘ಟಿಕ್’ ಎಂಬ ಸದ್ದು ಬರುತ್ತದೆ. ಅದನ್ನು ಮುಚ್ಚಲು ಶುರುವಿನಲ್ಲಿ ಉದ್ದ ಫೇಡ್ (ದನಿಯನ್ನು ಮೆಲ್ಲಗೆ ಏರಿಸುವುದು ಇಲ್ಲವೇ ಇಳಿಸುವುದು) ಹಾಕಬೇಡಿ, 1 ಮಿಲಿಸೆಕೆಂಡ್ ದಾಟಿದರೆ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಕೊನೆಯಲ್ಲಿ ಮಾತ್ರ 3ರಿಂದ 5 ಮಿಲಿಸೆಕೆಂಡ್ ಫೇಡ್ ಧಾರಾಳವಾಗಿ ಕೊಡಬಹುದು.

ಲೂಪನ್ನು ಹಾಗೇ ಸುತ್ತಲು ಬಿಡಬೇಡಿ, ಲೂಪು ಮುಗಿದಾಗಲೆಲ್ಲ ಮುಂದಿನ ಬಾರಿನ ಮೊದಲ ಬೀಟಿನಲ್ಲಿ ಸೀಕ್ವೆನ್ಸರ್ (ಯಾವ ತುಣುಕು ಯಾವಾಗ ಎಂಬುದನ್ನು ನಡೆಸುವ ಭಾಗ) ಅದನ್ನು ಮತ್ತೆ ಶುರು ಮಾಡಲಿ. ತುಣುಕಿನ ಅಳತೆ ಬಾರಿಗೆ 5 ಮಿಲಿಸೆಕೆಂಡ್ ತಪ್ಪಿದ್ದರೂ, ತಾನೇ ಸುತ್ತುವ ಲೂಪು 16 ಬಾರಿನಲ್ಲಿ 80 ಮಿಲಿಸೆಕೆಂಡ್ ಜಾರಿರುತ್ತದೆ. 90 ಬಿಪಿಎಂನಲ್ಲಿ ಬೀಟಿನ ಕಾಲು ಭಾಗ 167 ಮಿಲಿಸೆಕೆಂಡ್, ಜಾರಿದ್ದು ಅದರ ಅರ್ಧದಷ್ಟು, ಹಾಗಾಗಿ ಡ್ರಮ್ಮು ಪಿಯಾನೊ ಎರಡೂ ಬೇರೆ ಬೇರೆ ಊರಿಗೆ ಹೊರಟಂತೆ ಆಗುತ್ತದೆ.

ಆಮೇಲೆ ತುಣುಕನ್ನು ಒಡೆಯಿರಿ. ಒಂದು ಬಾರನ್ನು ಎಂಟು ಚೂರು ಮಾಡಿ ಎಂಟು ಪ್ಯಾಡಿಗೆ ಹಂಚಿ. ಸಮ ಅಂತರದಲ್ಲಿ ಕತ್ತರಿಸುವ ಬಟನ್ ಎಲ್ಲ ಸಾಫ್ಟ್‌ವೇರಿನಲ್ಲೂ ಇದೆ, ಅದನ್ನು ನಂಬಬೇಡಿ. ಆ ಕಾಲದ ಜಾಝ್ ಕಲಾವಿದರು ಮೆಟ್ರೊನೋಮ್ ಕಟ್ಟಿಕೊಂಡು ನುಡಿಸಿದವರಲ್ಲ. ಮೂರನೇ ಬೀಟು ಎಳೆದಿರುತ್ತದೆ, ನಾಲ್ಕನೆಯದು ಮುಂದೆ ಹಾರಿರುತ್ತದೆ. ಒಂದೊಂದು ಪೆಟ್ಟನ್ನೂ ಕಣ್ಣಿನಿಂದ ನೋಡಿ, ಕಿವಿಯಿಂದ ಪರೀಕ್ಷಿಸಿ ಕೈಯಾರೆ ಕತ್ತರಿಸಿ.

ಎಂಟೂ ಪ್ಯಾಡುಗಳನ್ನು ಒಂದೇ ಮ್ಯೂಟ್ ಗ್ರೂಪಿಗೆ ಹಾಕುವುದನ್ನು ಮರೆಯಬೇಡಿ. ಹೊಸ ಪ್ಯಾಡ್ ಒತ್ತಿದ ಕ್ಷಣ ಹಿಂದಿನ ಚೂರು ನಿಲ್ಲಬೇಕು. ಇಲ್ಲವಾದರೆ ಬಾಲದ ಮೇಲೆ ಬಾಲ ಬಿದ್ದು ಎಲ್ಲ ಕೆಸರಾಗುತ್ತದೆ, ಹೊಸಬರ ಬೀಟು ಮಂಕಾಗಿ ಕೇಳುವುದಕ್ಕೆ ಇದೇ ಮೊದಲ ಕಾರಣ. ಈಗ 1, 2, 3, 4 ಎಂಬ ಮೂಲ ಕ್ರಮವನ್ನು ಮರೆತು 1, 1, 5, 3 ಎಂದೋ 4, 1, 4, 7 ಎಂದೋ ಒತ್ತುತ್ತ ಹೋಗಿ. ಸ್ವರ ಅವರದು, ಮಟ್ಟು ನಿಮ್ಮದಾಗುವುದು ಈ ಹಂತದಲ್ಲಿ. ಆದರೆ ಲೂಪೇ ಸುಂದರವಾಗಿದ್ದರೆ ಒಡೆಯಲೇಬೇಕೆಂಬ ಹಟ ಬೇಡ. ಸರಿಯಾದ ಜಾಗದಲ್ಲಿ ಕತ್ತರಿಸಿ ಬಿಟ್ಟುಬಿಡುವುದಕ್ಕೂ ಧೈರ್ಯ ಬೇಕು.

ಡ್ರಮ್

ಕಿಕ್, ಸ್ನೇರ್, ಹೈ-ಹ್ಯಾಟ್ (ಜೋಡಿ ತಟ್ಟೆಯ ತಾಳ) ಮೂರನ್ನೂ ಒಂದೇ ರೆಕಾರ್ಡಿನ ಡ್ರಮ್ ಬ್ರೇಕಿನಿಂದ (ಡ್ರಮ್ ಮಾತ್ರ ಕೇಳುವ ಜಾಗದಿಂದ) ಎತ್ತಿದರೆ ಅವು ಒಂದೇ ಕೋಣೆಯ ಗಾಳಿ ಹೊತ್ತು ಬರುತ್ತವೆ. ಸ್ನೇರಿನ ಬಾಲದಲ್ಲಿ ಹ್ಯಾಟ್ ಸೇರಿದ್ದರೆ ಹಾಗೇ ಇರಲಿ.

ಕಿಕ್ ತೆಳುವಾಗಿದ್ದರೆ 50ರಿಂದ 70 ಹರ್ಟ್ಜ್‌ನಲ್ಲಿ ಮೈ ತುಂಬಿದ ಇನ್ನೊಂದು ಕಿಕ್ಕನ್ನು ಕೆಳಗೆ ಸೇರಿಸಿ. ಸೇರಿಸಿದ ಮೇಲೆ ದನಿ ಕಡಿಮೆಯಾಯಿತೇ? ಎರಡು ಅಲೆಗಳು ಒಂದಕ್ಕೊಂದು ಎದುರಾಗಿ ಹೊಡೆದುಕೊಳ್ಳುತ್ತಿವೆ ಎಂದರ್ಥ. ಒಂದರ ಪೊಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ), ಅಥವಾ ಒಂದನ್ನು ಒಂದೆರಡು ಮಿಲಿಸೆಕೆಂಡ್ ಸರಿಸಿ ಎರಡರ ಮೊದಲ ಏರು ಒಂದೇ ದಿಕ್ಕಿಗಿರುವಂತೆ ಮಾಡಿ. ಸ್ನೇರಿಗೂ ಹೀಗೇ ಎರಡು ಪದರ: 200 ಹರ್ಟ್ಜ್ ಸುತ್ತ ಮೈ ಇರುವುದೊಂದು, 2ರಿಂದ 5 ಕಿಲೋಹರ್ಟ್ಜ್‌ನಲ್ಲಿ ಚಟೀರ್ ಎನ್ನುವುದೊಂದು. ಮೂರನೇ ಪದರ ಹಾಕಬೇಕೆನಿಸಿದರೆ ಮೊದಲೆರಡರ ಆಯ್ಕೆ ಸರಿಯಿಲ್ಲ.

ಬೇಸ್ ಸೋಸುವ ವಿಧಾನ

ಎಸ್950ರ ಕಡಿದಾದ ಲೋಪಾಸ್ (ಕೆಳಗಿನ ನಾದವನ್ನಷ್ಟೇ ಬಿಡುವ) ಫಿಲ್ಟರು ಆ ಕಾಲದ ಬೀಟುಗಳಿಗೆ ಕೊಟ್ಟ ದೊಡ್ಡ ಉಡುಗೊರೆ ಇದು: ಅದೇ ತುಣುಕಿನಿಂದಲೇ ಬೇಸ್‌ಲೈನ್ ಹಿಂಡಿ ತೆಗೆಯುವುದು. ಎಸ್‌ಪಿ-1200ರಲ್ಲೂ 1 ಮತ್ತು 2ನೇ ಔಟ್‌ಪುಟ್ಟಿಗೆ ಫಿಲ್ಟರ್ ಇತ್ತು, 7 ಮತ್ತು 8ಕ್ಕೆ ಇರಲಿಲ್ಲ. ಹಾಗಾಗಿ ಬೇಸ್ ಮೊದಲಿನವಕ್ಕೆ, ಹ್ಯಾಟ್ ಕೊನೆಯವಕ್ಕೆ ಹೋಗುತ್ತಿತ್ತು.

ಚೂರುಗಳ ಟ್ರ್ಯಾಕನ್ನು ನಕಲು ಮಾಡಿ. ಒಂದರ ಮೇಲೆ 180 ಹರ್ಟ್ಜ್‌ನಲ್ಲಿ ಲೋಪಾಸ್ ಹಾಕಿ. ಇಳಿಜಾರು 24 ಡಿಬಿಯಾದರೂ ಇರಲಿ, 36 ಇದ್ದರೆ ಇನ್ನೂ ಒಳ್ಳೆಯದು. ಇನ್ನೊಂದರ ಮೇಲೆ ಅದೇ ಜಾಗದಲ್ಲಿ ಹೈಪಾಸ್. ಸೋಸಿದ ಟ್ರ್ಯಾಕು ಮೆತ್ತಗಾಗಿರುತ್ತದೆ, 6ರಿಂದ 9 ಡಿಬಿ ಏರಿಸಿ, ಮೋನೊ (ಎಡ ಬಲ ಎರಡೂ ಕಡೆ ಒಂದೇ ದನಿ) ಮಾಡಿ. ಮೂಲ ತುಣುಕಿನಲ್ಲಿ ಕಿಕ್ ಇದ್ದರೆ ಅದೂ ಬೇಸಿನ ಜೊತೆ ಬಂದು ನಿಮ್ಮ ಕಿಕ್ಕಿಗೆ ಅಡ್ಡ ನಿಲ್ಲುತ್ತದೆ. ಆಗ ಮೂಲದಲ್ಲಿ ಕಿಕ್ ಬೀಳದ ಬೀಟುಗಳಿಂದ ಚೂರು ಆರಿಸಿ, ಇಲ್ಲವೇ ನಿಮ್ಮ ಕಿಕ್ ಬಿದ್ದಾಗ ಬೇಸ್ 3 ಡಿಬಿ ಬಗ್ಗುವಂತೆ ಸೈಡ್‌ಚೈನ್ ಕಟ್ಟಿ. ಫೋನಿನ ಸ್ಪೀಕರಿನಲ್ಲಿ ಬೇಸ್ ಪೂರ್ತಿ ಮಾಯವಾದರೆ ಲೋಪಾಸನ್ನು 250ಕ್ಕೆ ತೆರೆಯಿರಿ.

ಸ್ವಿಂಗ್

ಎಂಪಿಸಿಯ ಸ್ವಿಂಗ್ ಅಂಕಿ ಹೇಳುವುದು ಇಷ್ಟೇ: ಬೀಟಿನ ಕಾಲು ಭಾಗಗಳನ್ನು ಎರಡೆರಡಾಗಿ ಜೋಡಿಸಿದಾಗ, ಜೋಡಿಯ ಎರಡನೆಯದು ಎಷ್ಟು ತಡವಾಗಿ ಬೀಳಬೇಕು. 50 ಅಂದರೆ ಸಪಾಟು, 66 ಅಂದರೆ ತಿಶ್ರ ನಡೆ. 90 ಬಿಪಿಎಂನಲ್ಲಿ 54ಕ್ಕೆ 13 ಮಿಲಿಸೆಕೆಂಡ್ ತಡ, 58ಕ್ಕೆ 27, 62ಕ್ಕೆ 40. 54ರಿಂದ 60ರ ನಡುವೆ ಹುಡುಕಿ. ಹ್ಯಾಟಿಗೂ ಕಿಕ್ಕಿಗೂ ಸ್ವಿಂಗ್ ಕೊಟ್ಟು, 2 ಮತ್ತು 4ನೇ ಬೀಟಿನ ಸ್ನೇರನ್ನು ಗೂಟದಂತೆ ನೆಟ್ಟುಬಿಡಿ. ಪಿಯಾನೊ ಚೂರುಗಳನ್ನು ಕೈಯಿಂದ ಒತ್ತಿದ ಹಾಗೇ ಬಿಡಿ, ಕ್ವಾಂಟೈಸ್ (ಯಂತ್ರವೇ ಪೆಟ್ಟನ್ನು ಲೆಕ್ಕದ ಜಾಗಕ್ಕೆ ಎಳೆಯುವುದು) ಬೇಡ. ಮೂಲ ಲೂಪಿಗೇ ತನ್ನದೊಂದು ಸ್ವಿಂಗ್ ಇದ್ದು ಹ್ಯಾಟಿಗೆ ಬೇರೆ ಸ್ವಿಂಗ್ ಇದ್ದರೆ ಕುದುರೆ ಎಡವಿದಂತೆ ಕೇಳುತ್ತದೆ. ಲೂಪಿನ ಹ್ಯಾಟ್ ಎಲ್ಲಿ ಬೀಳುತ್ತದೋ ಅಳೆದು ಅದಕ್ಕೇ ನಿಮ್ಮ ಅಂಕಿಯನ್ನು ಹೊಂದಿಸಿ.

ಹಾಡಿಗೆ ಜಾಗ ಬಿಡುವುದು

ನಾಲ್ಕು ಬಾರಿನ ಪೀಠಿಕೆ, 16 ಬಾರಿನ ಚರಣ, 8 ಬಾರಿನ ಪಲ್ಲವಿ: ಇಷ್ಟರಲ್ಲಿ ಹಾಡು ನಿಲ್ಲುತ್ತದೆ. ಪ್ರತಿ ಎಂಟನೇ ಬಾರಿನ ಕೊನೆಯ ಎರಡು ಬೀಟು ಡ್ರಮ್ ನಿಲ್ಲಿಸಿ ನೋಡಿ, ಕೇಳುವವರ ಗಮನ ತಾನಾಗಿ ಮಾತಿನ ಕಡೆ ಹೊರಳುತ್ತದೆ. ರ‍್ಯಾಪ್ ನಡೆಯುವಾಗ ಲೂಪನ್ನು 1ರಿಂದ 3 ಕಿಲೋಹರ್ಟ್ಜ್‌ನಲ್ಲಿ 2 ಡಿಬಿ ತಗ್ಗಿಸಿ. ಪಲ್ಲವಿಗೆ ಹಳೆಯ ರ‍್ಯಾಪ್ ರೆಕಾರ್ಡಿನ ಮಾತನ್ನು ಸ್ಕ್ರಾಚ್ ಮಾಡಿ (ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ) ತರುವುದು ಪ್ರೀಮಿಯರ್ ಅವರ ಗುರುತು. ‘ಮೆಮೊರಿ ಲೇನ್’ ಕೇಳಿ. ಪೀಟ್ ರಾಕ್ ಕೂಡ ‘ದಿ ವರ್ಲ್ಡ್ ಈಸ್ ಯುವರ್ಸ್’ನಲ್ಲಿ ಟಿ ಲಾ ರಾಕ್ ಅವರ 1984ರ ‘ಇಟ್ಸ್ ಯುವರ್ಸ್’ ತುಣುಕು ಬಳಸಿದ್ದಾರೆ. ಹೀಗೆ ತಂದ ಒಂದು ಪದವು ಹತ್ತು ವರ್ಷ ಹಿಂದಿನ ಹಿರಿಯರಿಗೆ ಸಲ್ಲಿಸಿದ ನಮಸ್ಕಾರವೂ ಹೌದು.

ನಮ್ಮ ರೆಕಾರ್ಡುಗಳಿಂದ ತೆಗೆಯುವಾಗ

ಭಾರತದ ಚಿತ್ರಸಂಗೀತ ಈ ಕೆಲಸಕ್ಕೆ ಒಗ್ಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಅಮೆರಿಕದಲ್ಲಿ ಬೀಟ್ ಕಟ್ಟುವ ಮ್ಯಾಡ್‌ಲಿಬ್ 2007ರಲ್ಲಿ ಅದನ್ನೇ ಆಧರಿಸಿ ‘ಬೀಟ್ ಕಂಡಕ್ಟಾ’ ಸರಣಿಯ ಎರಡು ಸಂಪುಟ ಮಾಡಿದರು. ವಿಜಯಭಾಸ್ಕರ್, ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಅವರ ಕಾಲದ ಹಾಡುಗಳ ಪಲ್ಲವಿಗೂ ಚರಣಕ್ಕೂ ನಡುವಿನ ವಾದ್ಯಭಾಗ ಕೇಳಿದರೆ ಕಿವಿ ತಾನಾಗಿ ಚೂರು ಹುಡುಕಲು ಶುರುಮಾಡುತ್ತದೆ. ಆದರೆ ಕೆಲವು ತೊಡಕುಗಳಿವೆ.

ಆ ಕಾಲದ ಹಾಡುಗಳು ಬಹುಪಾಲು ಮೋನೊ, ಎಡ-ಬಲ ಬೇರ್ಪಡಿಸುವ ಉಪಾಯ ನಡೆಯುವುದಿಲ್ಲ, ಫಿಲ್ಟರೇ ಗತಿ. ಏಳಿಂಚಿನ ಇ.ಪಿ.ಗಳು ಮೊದಲೇ 45 ವೇಗದವು. ವೇಗ ಏರಿಸಿ ಸ್ಯಾಂಪಲ್ ಮಾಡಬೇಕಾದರೆ 78 ಇರುವ ಟರ್ನ್‌ಟೇಬಲ್ ಬೇಕು. ಆಗ ಏರುವುದು 1.73 ಪಟ್ಟು, ಇಳಿಸಬೇಕಾದ್ದು ಒಂಬತ್ತೂವರೆ ಸೆಮಿಟೋನ್. ಅರಗಿನ 78 ರೆಕಾರ್ಡಾದರೆ ಎಲ್‌ಪಿಯ ಸೂಜಿ ಹಾಕಬೇಡಿ. ರೆಕಾರ್ಡಿನ ಗೀರು ಅಗಲವಾದ ಕಾರಣ ಸಣ್ಣ ಮೊನೆ ತಳದಲ್ಲಿ ಒದ್ದಾಡಿ ಗರಗರ ಎನ್ನುತ್ತದೆ. 3 ಮಿಲ್ ಮೊನೆಯ ಸೂಜಿಯೇ ಬೇಕು.

ತಾಳದ ಲೆಕ್ಕವೂ ಇದೆ. ಎಂಟರ ನಡೆ ನಾಲ್ಕರ ಬಾರಿಗೆ ಹಾಗೇ ಕೂರುತ್ತದೆ. ಆರು ಮಾತ್ರೆಯ ದಾದ್ರಾ ನಡೆಯ ಹಾಡಾದರೆ ಮೂರು ಮಾತ್ರೆಗೆ ಒಂದು ಬೀಟ್ ಎಂದು ಎಣಿಸಿ. ಒಂದು ಆವರ್ತ ಎರಡು ಬೀಟಿಗೆ ಸಮ. ಅದರ ಮೇಲಿನ ಹ್ಯಾಟನ್ನು ಬೀಟಿಗೆ ಎರಡರಂತೆ ಹಾಕಿ, ಸ್ವಿಂಗನ್ನೂ ಅರ್ಧ ಬೀಟುಗಳ ಮಟ್ಟದಲ್ಲಿ 66ಕ್ಕೆ ಏರಿಸಿದರೆ ಎರಡೂ ಒಂದಾಗುತ್ತವೆ. ಮಿಶ್ರಛಾಪಿನ ಏಳು ಮಾತ್ರೆಯನ್ನು ಎಳೆದು ನಾಲ್ಕಕ್ಕೆ ತರಲು ಹೋಗದೆ, ಒಂದೋ ಎರಡೋ ಮಾತ್ರೆಯ ಚೂರು ಮಾಡಿ ಬಿಡಿಸಿಯೇ ಬಳಸಿ.

ಅನುಮತಿ

1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಗ್ರ್ಯಾಂಡ್ ಅಪ್‌ರೈಟ್ ಮೊಕದ್ದಮೆಯಲ್ಲಿ, ಗಾಯಕ ಗಿಲ್ಬರ್ಟ್ ಓಸಲಿವನ್ ಅವರ ಹಾಡನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ಒಂದು ಹಾಡಿಗೆ ಹತ್ತಾರು ಸ್ಯಾಂಪಲ್ ಪೇರಿಸುವುದು ದುಬಾರಿಯಾಯಿತು. ಅದಾದ ಮೂರನೇ ವರ್ಷಕ್ಕೆ ಬಂದ ‘ಇಲ್‌ಮ್ಯಾಟಿಕ್’ ಬೆರಳೆಣಿಕೆಯ ತುಣುಕುಗಳಲ್ಲಿ ಹಾಡು ನಿಲ್ಲಿಸುವುದನ್ನು ಗಮನಿಸಿ. ಸಣ್ಣ ತುಣುಕಿಗೂ ಅನುಮತಿ ಬೇಕೇ ಎಂಬ ಬಗ್ಗೆ ಅಮೆರಿಕದ ನ್ಯಾಯಾಲಯಗಳಲ್ಲೇ ಒಮ್ಮತವಿಲ್ಲ: 2005ರ ಬ್ರಿಜ್‌ಪೋರ್ಟ್ ತೀರ್ಪು ಬೇಕೆನ್ನುತ್ತದೆ, 2016ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ 0.23 ಸೆಕೆಂಡಿನ ತುತ್ತೂರಿ ಸದ್ದಿಗೆ ಬೇಡ ಎಂದಿತು.

ಹಾಡು ಬಿಡುಗಡೆ ಮಾಡುವುದಾದರೆ ಎರಡು ಒಪ್ಪಿಗೆ ಬೇಕು. ಧ್ವನಿಮುದ್ರಣದ ಒಡೆಯರದು ಒಂದು, ರಾಗಸಂಯೋಜನೆ ಮತ್ತು ಸಾಹಿತ್ಯದ ಹಕ್ಕುದಾರರದು ಇನ್ನೊಂದು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1960ರಲ್ಲಿ ಬಂದ ರೆಕಾರ್ಡಿನ ಮುದ್ರಣದ ಹಕ್ಕು 2020ರ ಕೊನೆಗೆ ಮುಗಿದಿದೆ. ಸಂಯೋಜಕರ ಮತ್ತು ಕವಿಯ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುವುದರಿಂದ, ಮುದ್ರಣ ಮುಕ್ತವಾದ ಮಾತ್ರಕ್ಕೆ ಹಾಡು ಮುಕ್ತವಾಗುವುದಿಲ್ಲ. ಒಪ್ಪಿಗೆ ಸಿಗದಿದ್ದರೆ ತುಣುಕನ್ನು ಕಲಾವಿದರಿಂದ ಹೊಸದಾಗಿ ನುಡಿಸಿಕೊಳ್ಳುವ ದಾರಿ ಇದೆ. ಆಗ ಎರಡನೇ ಒಪ್ಪಿಗೆ ಮಾತ್ರ ಸಾಕು.

ಇದಕ್ಕೆಲ್ಲ ಆಧಾರ ನಿಮ್ಮ ನೋಟ್‌ಬುಕ್ಕು. ತುಣುಕು ಎತ್ತಿದ ದಿನವೇ ಫೈಲಿನ ಹೆಸರಿನಲ್ಲಿ ಕಲಾವಿದರು, ರೆಕಾರ್ಡಿನ ನಂಬರು, ಯಾವ ಬದಿ, ಎಷ್ಟನೇ ನಿಮಿಷ, ಎಷ್ಟು ಶ್ರುತಿ ಇಳಿಸಿದ್ದೀರಿ ಎಂದು ಬರೆದಿಡಿ. ಆರು ತಿಂಗಳ ಮೇಲೆ ‘ಪಿಯಾನೊ_7_ಹೊಸದು’ ಎಂಬ ಫೈಲು ಯಾರ ಬೆರಳಿನಿಂದ ಬಂದದ್ದು ಎಂದು ನೆನಪಿಗೆ ಬರುವುದಿಲ್ಲ, ಆ ಹೆಸರಿಲ್ಲದೆ ಅನುಮತಿ ಪತ್ರದ ಮೊದಲ ಸಾಲನ್ನೂ ಬರೆಯಲಾಗುವುದಿಲ್ಲ.